ಎಂಟು ಪೌಂಡಿನ ಜಗಳ: ಮ್ಯಾಸಚೂಸೆಟ್ಸ್‌ನ ಮೊದಲ ವಲಸಿಗರ ಊರುಗಳಲ್ಲಿ ತೆರಿಗೆಯ ತಕರಾರು (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದ ತೆರಿಗೆ ಗಲಾಟೆ ಎಂದರೆ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ 1773ರ ಕಥೆ ಎಲ್ಲರಿಗೂ ನೆನಪಾಗುತ್ತದೆ. ಅದಕ್ಕೂ 141 ವರ್ಷ ಮೊದಲು, ಬಾಸ್ಟನ್‌ನಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಹುಟ್ಟಿ ಎರಡು ವರ್ಷವೂ ತುಂಬದ ಊರೊಂದು 8 ಪೌಂಡ್ ತೆರಿಗೆ ಕೊಡಲು ಹಿಂದೇಟು ಹಾಕಿತ್ತು. ‘ಕೇಳಲು ನೀವು ಯಾರು?’ ಎಂಬುದು ಅವರ ತಕರಾರು. ಆ ಊರು ಮತ್ತು ಅಕ್ಕಪಕ್ಕದ ಊರುಗಳ ತೆರಿಗೆ ವಾದಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಇದು ಯಾವ ಊರು? ಅಲ್ಲಿಗೆ ಬಂದವರು ಯಾರು?

ಊರಿನ ಹೆಸರು ವಾಟರ್‌ಟೌನ್, ಚಾರ್ಲ್ಸ್ ನದಿಯ ದಡದಲ್ಲಿದೆ. 1630ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ 11 ಹಡಗುಗಳಲ್ಲಿ ಸುಮಾರು 700 ಜನ ಪ್ಯೂರಿಟನ್ನರು (ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂದ ಕ್ರೈಸ್ತ ಪಂಥದವರು) ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂದಿಳಿದರು. ಮುಖಂಡ ಜಾನ್ ವಿನ್‌ಥ್ರಾಪ್, ವೃತ್ತಿಯಿಂದ ವಕೀಲ. ಎಲ್ಲರೂ ಒಂದೇ ಕಡೆ ನೆಲೆಸಬೇಕು ಎಂದುಕೊಂಡಿದ್ದವರು ನೀರು, ಮೇವು, ರೋಗ ಇವುಗಳ ಕಾಟಕ್ಕೆ ಚದುರಿ ಹಲವು ಊರು ಕಟ್ಟಿಕೊಂಡರು. ಅದೇ ಸೆಪ್ಟೆಂಬರ್ 7ರಂದು ಬಾಸ್ಟನ್, ಡಾರ್ಚೆಸ್ಟರ್, ವಾಟರ್‌ಟೌನ್ ಈ ಮೂರಕ್ಕೂ ಒಂದೇ ಆದೇಶದಲ್ಲಿ ಹೆಸರಿಟ್ಟರು. ಡಿಸೆಂಬರ್ ಹೊತ್ತಿಗೆ ಬಂದವರಲ್ಲಿ ಸುಮಾರು 200 ಜನ ಸತ್ತುಹೋಗಿದ್ದರು. ತೆರಿಗೆ ಮಾತು ಬಂದಾಗ ಇದನ್ನು ಮರೆಯಬಾರದು. ಮನೆಯ ಮಾಡಿಗೆ ಇನ್ನೂ ಹುಲ್ಲು ಹೊದಿಸುತ್ತಿದ್ದ ಜನರ ಹತ್ತಿರ ಆಡಳಿತ ಕಾಸು ಕೇಳುತ್ತಿತ್ತು.

ಆಗ ಅಧಿಕಾರ ಯಾರ ಕೈಯಲ್ಲಿತ್ತು?

ಕಾಗದದ ಮೇಲೆ ಒಂದು ಬಗೆ, ನಡೆಯುತ್ತಿದ್ದದ್ದು ಇನ್ನೊಂದು ಬಗೆ. ಜಗಳದ ಬೇರು ಇರುವುದು ಇಲ್ಲೇ.

ರಾಜ ಒಂದನೇ ಚಾರ್ಲ್ಸ್ 1629ರ ಮಾರ್ಚ್‌ನಲ್ಲಿ ಕೊಟ್ಟ ಸನ್ನದು ನಿಜವಾಗಿ ಒಂದು ವ್ಯಾಪಾರ ಕಂಪನಿಯದು. ಷೇರುದಾರರಂಥ ಸದಸ್ಯರನ್ನು ಅದು ‘ಫ್ರೀಮನ್’ ಎಂದು ಕರೆಯುತ್ತದೆ. ಇವರೆಲ್ಲ ವರ್ಷಕ್ಕೆ ನಾಲ್ಕು ಸಲ ‘ಜನರಲ್ ಕೋರ್ಟ್’ ಎಂಬ ಮಹಾಸಭೆಯಲ್ಲಿ ಸೇರಿ ಕಟ್ಟಳೆ ಮಾಡಬೇಕು. ದಿನದ ಕೆಲಸ ನೋಡಿಕೊಳ್ಳಲು ಒಬ್ಬ ಗವರ್ನರ್, ಒಬ್ಬ ಡೆಪ್ಯುಟಿ, ಹಲವು ‘ಅಸಿಸ್ಟೆಂಟ್’ಗಳು.

ಹಡಗು ಹತ್ತಿ ಬಂದ ಫ್ರೀಮನ್‌ಗಳೇ ಬೆರಳೆಣಿಕೆಯಷ್ಟು. ಬಂದವರೆಲ್ಲ ಅಸಿಸ್ಟೆಂಟ್‌ಗಳೇ ಎನ್ನಬಹುದು. 1630ರ ಅಕ್ಟೋಬರ್‌ನಲ್ಲಿ ಇವರು ಒಂದು ಏರ್ಪಾಡು ಮಾಡಿಕೊಂಡರು: ಫ್ರೀಮನ್‌ಗಳು ಅಸಿಸ್ಟೆಂಟ್‌ಗಳನ್ನು ಆರಿಸಲಿ, ಮಿಕ್ಕಿದ್ದೆಲ್ಲ, ಎಂದರೆ ಗವರ್ನರ್ ಆಯ್ಕೆ, ಕಾನೂನು, ತೆರಿಗೆ ಎಲ್ಲ, ಅಸಿಸ್ಟೆಂಟ್‌ಗಳಿಗಿರಲಿ. 1631ರ ಮೇ ತಿಂಗಳಲ್ಲಿ 118 ಜನರನ್ನು ಹೊಸದಾಗಿ ಫ್ರೀಮನ್ ಮಾಡಿಕೊಂಡರು. ಜೊತೆಗೇ, ಇನ್ನು ಮುಂದೆ ಚರ್ಚಿನ ಸದಸ್ಯರಿಗೆ ಮಾತ್ರ ಆ ಸ್ಥಾನ ಎಂದೂ ಗೆರೆ ಎಳೆದರು. ಸನ್ನದಿನಲ್ಲಿ ಏನು ಬರೆದಿದೆ ಎಂದು ಈ ಹೊಸಬರು ನೋಡಿರಲಿಲ್ಲ. ಆ ಕಾಗದ ಇದ್ದದ್ದು ವಿನ್‌ಥ್ರಾಪ್ ಬಳಿ.

ವಾಟರ್‌ಟೌನಿನವರು ಮೊದಲಿಂದಲೂ ತೆರಿಗೆ ಕೊಡದ ಜನವೇ?

ಖಂಡಿತ ಅಲ್ಲ. ಎಷ್ಟೋ ಕಡೆ ಅವರನ್ನು ಹಾಗೆ ಚಿತ್ರಿಸುವುದುಂಟು, ಲೆಕ್ಕ ನೋಡಿದರೆ ಆ ಚಿತ್ರ ನಿಲ್ಲುವುದಿಲ್ಲ.

1630ರ ಸೆಪ್ಟೆಂಬರ್ 28ರಂದು, ಊರಿಗೆ ಹೆಸರಿಟ್ಟು ಮೂರು ವಾರ ಆಗಿತ್ತಷ್ಟೆ, 50 ಪೌಂಡ್ ತೆರಿಗೆ ಎತ್ತಲು ಆದೇಶವಾಯಿತು. ಜನರಿಗೆ ಕವಾಯತು ಕಲಿಸುತ್ತಿದ್ದ ಪ್ಯಾಟ್ರಿಕ್ ಮತ್ತು ಅಂಡರ್‌ಹಿಲ್ ಎಂಬ ಇಬ್ಬರು ಸೈನಿಕರ ಖರ್ಚಿಗೆ ಅದು. ಪಾಲು ಹಂಚಿದ್ದು ಹೀಗೆ: ಬಾಸ್ಟನ್ 11, ವಾಟರ್‌ಟೌನ್ 11, ಚಾರ್ಲ್ಸ್‌ಟೌನ್ 7, ಡಾರ್ಚೆಸ್ಟರ್ 7, ರಾಕ್ಸ್‌ಬರಿ 5, ಮೆಡ್‌ಫರ್ಡ್ 3, ಸೇಲಂ 3, ಉಳಿದ ಎರಡು ಪುಟ್ಟ ನೆಲೆಗಳಿಗೆ ಸೇರಿ 3. ಅಂದರೆ ಬಾಸ್ಟನ್ ಮತ್ತು ವಾಟರ್‌ಟೌನ್ ಸರಿಸಮ. ಆಗ ವಾಟರ್‌ಟೌನಿನಲ್ಲಿ ಯಾರೂ ತಕರಾರು ಎತ್ತಿದ ದಾಖಲೆಯಿಲ್ಲ. ಸೈನಿಕರ ಕವಾಯತು ಎಲ್ಲ ಊರಿಗೂ ಬೇಕಾದದ್ದು ತಾನೇ.

ಹಾಗಾದರೆ 1632ರ ತೆರಿಗೆಯಲ್ಲಿ ಕೆರಳುವಂಥದ್ದೇನಿತ್ತು?

ಹಣ ಹೋಗುತ್ತಿದ್ದದ್ದು ಪಕ್ಕದ ಊರಿನ ಬೇಲಿಗೆ.

ವಾಟರ್‌ಟೌನಿನ ಪಕ್ಕದಲ್ಲೇ, ನದಿಯ ಕೆಳದಿಕ್ಕಿನಲ್ಲಿ, ‘ನ್ಯೂಟೌನ್’ ಎಂಬ ಊರು ಏಳುತ್ತಿತ್ತು. ಇಂದು ಹಾರ್ವರ್ಡ್ ಇರುವ ಕೇಂಬ್ರಿಡ್ಜ್ ಅದೇ. ಹೆಸರು ಬದಲಾದದ್ದು 1638ರಲ್ಲಿ. ಅದನ್ನು ರಾಜಧಾನಿ ಮಾಡುವುದು, ದೊಡ್ಡವರೆಲ್ಲ ಅಲ್ಲೇ ಮನೆ ಕಟ್ಟುವುದು ಎಂದು 1630ರ ಕೊನೆಯಲ್ಲಿ ಮಾತಾಗಿತ್ತು. ಡೆಪ್ಯುಟಿ ಗವರ್ನರ್ ಥಾಮಸ್ ಡಡ್ಲಿ ಮನೆ ಕಟ್ಟಿದ. ವಿನ್‌ಥ್ರಾಪ್ ಕೂಡ ಮರದ ಚೌಕಟ್ಟು ನಿಲ್ಲಿಸಿದ, ಆಮೇಲೆ ಅದನ್ನೇ ಬಿಚ್ಚಿಸಿಕೊಂಡು ಬಾಸ್ಟನ್‌ಗೆ ಸಾಗಿಸಿದ. ಡಡ್ಲಿಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರ ನಡುವೆ ಈ ಮನಸ್ತಾಪ ಬಹಳ ಕಾಲ ಆರಲಿಲ್ಲ.

ಅಷ್ಟು ಹೊತ್ತಿಗೆ ನ್ಯೂಟೌನಿನ ಹೆಸರಿನಲ್ಲಿ ಹಣ ಎತ್ತುವುದು ಶುರುವಾಗಿತ್ತು. 1631ರ ಜುಲೈನಲ್ಲಿ ನದಿಯಿಂದ ಊರಿಗೆ 12 ಅಡಿ ಅಗಲ, 7 ಅಡಿ ಆಳದ ಕಾಲುವೆ ತೋಡಲು 30 ಪೌಂಡ್. ಏಳು ತಿಂಗಳು ಕಳೆಯುವಷ್ಟರಲ್ಲಿ, 1632ರ ಫೆಬ್ರವರಿ 3ರಂದು, ಊರ ಸುತ್ತ ಮರದ ಗೂಟಗಳ ಕೋಟೆಬೇಲಿ ಹಾಕಲು 60 ಪೌಂಡ್. ವಾಟರ್‌ಟೌನ್ ಪಾಲು 8. ಬೇಲಿ ಸುಮಾರು ಒಂದೂವರೆ ಮೈಲಿ ಉದ್ದವಾಯಿತು. ಅದು ಶತ್ರುವನ್ನು ತಡೆದದ್ದಕ್ಕಿಂತ ಬಡಕಲು ದನಗಳನ್ನು ತೋಳದ ಬಾಯಿಂದ ಉಳಿಸಿದ್ದೇ ಹೆಚ್ಚು.

ವಾಟರ್‌ಟೌನಿನ ದನಗಳಿಗೂ ತೋಳದ ಭಯ ಇತ್ತಲ್ಲ? ಊರ ಜಾತ್ರೆಗೆ ವಂತಿಗೆ ಹಾಕು ಎಂದರೆ ಹಾಕಬಹುದು. ಪಕ್ಕದ ಊರ ಗೌಡರ ಹಿತ್ತಲಿಗೆ ಬೇಲಿ ಕಟ್ಟಲು ಹಾಕು ಎಂದರೆ? ಹೀಗೆ ಅವರು ಅಂದರೆಂದು ದಾಖಲೆಯಲ್ಲಿಲ್ಲ, ಇದು ನನ್ನ ಊಹೆ. ದಾಖಲೆಯಲ್ಲಿರುವ ಅವರ ಮಾತು ಇದಕ್ಕಿಂತ ಬಹಳ ಎತ್ತರದ್ದು.

ಅವರು ಅಂದದ್ದೇನು? ವಿಚಾರಣೆ ಹೇಗೆ ನಡೆಯಿತು?

ತೆರಿಗೆಯ ವಾರಂಟ್ ಬಂದಾಗ ಪಾದ್ರಿ ಜಾರ್ಜ್ ಫಿಲಿಪ್ಸ್ ಮತ್ತು ಚರ್ಚಿನ ಹಿರಿಯ ರಿಚರ್ಡ್ ಬ್ರೌನ್ ಊರವರನ್ನು ಸೇರಿಸಿದರು. ಈ ರೀತಿಯಲ್ಲಿ ಹಣ ಕೊಡುವುದು ಕ್ಷೇಮವಲ್ಲ, ನಾವೂ ನಮ್ಮ ಮುಂದಿನ ಸಂತಾನವೂ ದಾಸ್ಯಕ್ಕೆ ಬೀಳುವ ಭಯವಿದೆ ಎಂದು ಅಭಿಪ್ರಾಯ ಕೊಟ್ಟರು.

ಫೆಬ್ರವರಿ 17ರಂದು ಗವರ್ನರ್ ಮತ್ತು ಅಸಿಸ್ಟೆಂಟ್‌ಗಳು ಇವರನ್ನು ಬಾಸ್ಟನ್‌ಗೆ ಕರೆಸಿದರು. ಪಾದ್ರಿಗೂ ಹಿರಿಯನಿಗೂ ಪತ್ರ, ಉಳಿದವರಿಗೆ ವಾರಂಟ್. ಮರ್ಯಾದೆಯಲ್ಲೂ ಮೇಲು ಕೆಳಗು ಇತ್ತು ನೋಡಿ. ಬಹಳ ಹೊತ್ತು ವಾದ ನಡೆಯಿತು. ವಾಟರ್‌ಟೌನಿನವರ ವಾದ ಹೀಗಿತ್ತು: ಈ ಸರ್ಕಾರ ಇಂಗ್ಲೆಂಡಿನ ಪಟ್ಟಣಗಳ ಮೇಯರ್ ಮತ್ತು ಪುರಸಭೆಯಂಥದ್ದು, ಜನರನ್ನು ಕೇಳದೆ ಕಾನೂನು ಮಾಡುವ, ತೆರಿಗೆ ಹಾಕುವ ಅಧಿಕಾರ ಇದಕ್ಕಿಲ್ಲ. ವಿನ್‌ಥ್ರಾಪ್ ಉತ್ತರ: ಅಲ್ಲ, ಇದು ಪಾರ್ಲಿಮೆಂಟಿನಂಥದ್ದು. ಅಸಿಸ್ಟೆಂಟ್‌ಗಳನ್ನು ಆರಿಸುವವರೂ ತೆಗೆಯುವವರೂ ಫ್ರೀಮನ್‌ಗಳೇ. ವರ್ಷಕ್ಕೊಮ್ಮೆ ಸೇರುವ ಮಹಾಸಭೆಯಲ್ಲಿ ಯಾರು ಬೇಕಾದರೂ ತಮ್ಮ ದೂರು ಹೇಳಿಕೊಳ್ಳಬಹುದು.

ಕೊನೆಗೆ ವಾಟರ್‌ಟೌನಿನವರು ತಪ್ಪಾಯಿತು ಎಂದು ಸಹಿ ಹಾಕಿ ಬರೆದುಕೊಟ್ಟರು. ಅದನ್ನು ಮುಂದಿನ ಭಾನುವಾರ ಊರ ಚರ್ಚಿನಲ್ಲಿ ಎಲ್ಲರೆದುರು ಓದಬೇಕು ಎಂದು ಆದೇಶವಾಯಿತು. ಕ್ಷಮೆ ಸಿಕ್ಕಿತು.

ಒಂದು ಮಾತು ಗಮನಿಸಿ. ಈ ಇಡೀ ಪ್ರಸಂಗ ನಮಗೆ ತಿಳಿದಿರುವುದು ವಿನ್‌ಥ್ರಾಪ್‌ನ ದಿನಚರಿಯಿಂದ. ನ್ಯಾಯ ಹೇಳಿದವನೇ ಬರೆದ ವರದಿ ಅದು. ಸಮಾಧಾನಗೊಂಡು ಹಿಂತಿರುಗಿದರು ಎಂದು ಅವನು ಬರೆದಿದ್ದಾನೆ. ವಾಟರ್‌ಟೌನಿನವರು ದೋಣಿ ಹತ್ತಿ ವಾಪಸ್ಸು ಬರುವಾಗ ಏನು ಮಾತಾಡಿಕೊಂಡರೋ!

8 ಪೌಂಡಿಗೆ ‘ದಾಸ್ಯ’ ಎಂಬಷ್ಟು ದೊಡ್ಡ ಮಾತೇ?

ಇವರು ಬಿಟ್ಟು ಬಂದ ಇಂಗ್ಲೆಂಡನ್ನು ನೆನೆದರೆ ಆ ಮಾತು ದೊಡ್ಡದೆನಿಸುವುದಿಲ್ಲ. 1626-27ರಲ್ಲಿ ರಾಜ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸಿರಿವಂತರಿಂದ ‘ಸಾಲ’ ಎಂಬ ಹೆಸರಿನಲ್ಲಿ ಹಣ ಕಿತ್ತುಕೊಂಡ. ಕೊಡದವರನ್ನು ಸೆರೆಗೆ ಹಾಕಿಸಿದ. ಅದರ ಮೇಲೆ 1628ರಲ್ಲಿ ಪಾರ್ಲಿಮೆಂಟ್ ಹಕ್ಕುಗಳ ಮನವಿ ಬರೆದು, ತನ್ನ ಒಪ್ಪಿಗೆಯಿಲ್ಲದೆ ತೆರಿಗೆ ಕೂಡದು ಎಂದು ರಾಜನನ್ನು ಒಪ್ಪಿಸಿತು. ಮರುವರ್ಷ ರಾಜ ಪಾರ್ಲಿಮೆಂಟನ್ನೇ ಮುಚ್ಚಿಸಿದ. ಇದಾದ ಮರುವರ್ಷ ಹಡಗು ಹತ್ತಿದವರು ಇವರು. ಆ ಬಲವಂತದ ಸಾಲ ಕೊಡಲೊಲ್ಲದೆ ಲಂಡನ್ ಟವರ್‌ನಲ್ಲಿ ಸೆರೆಯಿದ್ದವರಲ್ಲಿ ಲಿಂಕನ್‌ನ ಅರ್ಲ್ ಒಬ್ಬ. ಅವನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ ಯಾರು ಗೊತ್ತೇ? ಥಾಮಸ್ ಡಡ್ಲಿ, ನ್ಯೂಟೌನ್ ಬೇಲಿಯೊಳಗಿನ ಅದೇ ಡಡ್ಲಿ.

ಇಂಗ್ಲೆಂಡಿನಲ್ಲಿ ಮೊತ್ತ ಸಣ್ಣದಾಗಿಯೇ ಶುರುವಾಗುತ್ತದೆ, ಒಮ್ಮೆ ಕೊಟ್ಟರೆ ಅದೇ ರೂಢಿಯಾಗುತ್ತದೆ ಎಂಬುದನ್ನು ಈ ಜನ ಕಣ್ಣಾರೆ ಕಂಡಿದ್ದರು.

ವಿನ್‌ಥ್ರಾಪ್ ಹೇಳಿದ್ದು ಸರಿಯಿತ್ತೇ?

ಅರ್ಧ ಮಾತ್ರ ಸರಿ ಎನ್ನುತ್ತೇನೆ. ಅಸಿಸ್ಟೆಂಟ್‌ಗಳು ಚುನಾಯಿತರು ಎಂಬುದು ನಿಜ. ಆದರೆ ಸನ್ನದಿನ ಪ್ರಕಾರ ಕಾನೂನು ಮಾಡಬೇಕಾದದ್ದು ಫ್ರೀಮನ್‌ಗಳೆಲ್ಲ ಸೇರಿದ ಮಹಾಸಭೆ, ಅದೂ ವರ್ಷಕ್ಕೆ ನಾಲ್ಕು ಸಲ. ಬೆರಳೆಣಿಕೆಯ ಅಸಿಸ್ಟೆಂಟ್‌ಗಳು ಕೂತು ತೆರಿಗೆ ಹಾಕುವುದು ಅದರಲ್ಲಿರಲಿಲ್ಲ. ಸನ್ನದು ಕೈಯಲ್ಲಿದ್ದವನಿಗೆ ಇದು ತಿಳಿದಿತ್ತು, ಎದುರು ನಿಂತವರಿಗೆ ತಿಳಿದಿರಲಿಲ್ಲ. ವಾಟರ್‌ಟೌನಿನವರು ಕೊಟ್ಟ ಕಾರಣ ತಪ್ಪು, ಹಿಡಿದ ಪಟ್ಟು ಸರಿ.

ಪಾದ್ರಿಯೊಬ್ಬ ತೆರಿಗೆ ವಿಷಯಕ್ಕೆ ಕೈಹಾಕಿದ್ದೇಕೆ?

ಊರೆಲ್ಲ ಸೇರುತ್ತಿದ್ದದ್ದು ಚರ್ಚಿನಲ್ಲೇ. ಬೇರೆ ಚಾವಡಿ ಇರಲಿಲ್ಲ. ಅದಲ್ಲದೆ ಫಿಲಿಪ್ಸ್ ಮತ್ತು ಬ್ರೌನ್ ಜೋಡಿ ಮೊದಲೇ ಗವರ್ನರ್ ಕಣ್ಣಿಗೆ ಬಿದ್ದಿತ್ತು. ಪ್ಯೂರಿಟನ್ನರಿಗೆ ಆಗದ ರೋಮಿನ (ಕ್ಯಾಥೊಲಿಕ್) ಚರ್ಚುಗಳೂ ನಿಜವಾದ ಚರ್ಚುಗಳೇ ಎಂಬ ಅಭಿಪ್ರಾಯ ಹೇಳಿದ್ದಕ್ಕೆ 1631ರ ಜುಲೈನಲ್ಲಿ ವಿನ್‌ಥ್ರಾಪ್ ಮತ್ತು ಡಡ್ಲಿ ಸ್ವತಃ ವಾಟರ್‌ಟೌನಿಗೆ ಹೋಗಿ ವಾದ ಮಾಡಿ ಬಂದಿದ್ದರು. ಒಂದು ತಮಾಷೆಯೂ ಇದೆ: 1630ರಲ್ಲಿ ಈ ಫಿಲಿಪ್ಸ್‌ಗೇ ಮನೆ ಕಟ್ಟಿಸಿ ಜೀವನಕ್ಕೆ ಒದಗಿಸಲು ಸಾರ್ವಜನಿಕ ಖರ್ಚಿನಿಂದ ಕೊಡಬೇಕೆಂದು ಇದೇ ಅಸಿಸ್ಟೆಂಟ್‌ಗಳ ಸಭೆ ಆದೇಶಿಸಿತ್ತು.

ಕೆಲವು ಪುಸ್ತಕಗಳಲ್ಲಿ ಇದು 1631ರ ಘಟನೆ ಎಂದಿದೆಯಲ್ಲ?

ಆಗಿನ ಇಂಗ್ಲಿಷ್ ಪಂಚಾಂಗದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ಅವರ ಲೆಕ್ಕದಲ್ಲಿ ಆ ಫೆಬ್ರವರಿ ಇನ್ನೂ 1631, ನಮ್ಮ ಲೆಕ್ಕದಲ್ಲಿ 1632.

ಕ್ಷಮೆ ಕೇಳಿದ ಮೇಲೆ ಅಲ್ಲಿಗೆ ಮುಗಿಯಿತೇ?

ಮುಗಿದಿದ್ದರೆ ಇಷ್ಟು ಪ್ರಶ್ನೆಗಳು ಬರುತ್ತಿರಲಿಲ್ಲ. ಮೂರು ತಿಂಗಳೂ ಪೂರ್ತಿಯಾಗಲಿಲ್ಲ.

1632ರ ಮೇ ಮೊದಲ ವಾರ ವಿನ್‌ಥ್ರಾಪ್ ತನ್ನ ಜೊತೆಯವರಿಗೆ ಒಂದು ಸುದ್ದಿ ಹೇಳಿದ. ಬರುವ ಸಭೆಯಲ್ಲಿ ಜನ ಗವರ್ನರನ್ನು ತಾವೇ ಆರಿಸಬೇಕೆಂದು ಕೇಳಲಿದ್ದಾರೆ. ಅಸಿಸ್ಟೆಂಟ್ ರೋಜರ್ ಲಡ್ಲೊ ಸಿಟ್ಟಿಗೆದ್ದು, ಹಾಗಾದರೆ ಸರ್ಕಾರವೇ ಇರುವುದಿಲ್ಲ, ಪ್ರತಿಯೊಬ್ಬನೂ ತನಗೆ ಬೇಕಾದ್ದು ಮಾಡುತ್ತಾನೆ, ನಾನು ಇಂಗ್ಲೆಂಡಿಗೆ ವಾಪಸ್ಸು ಹೋಗುತ್ತೇನೆ ಎಂದು ಕೂಗಾಡಿದ. (ಆಗ ಹೋಗಲಿಲ್ಲ ಬಿಡಿ.) ಮಹಾಸಭೆ ಸೇರಿತು. ಗವರ್ನರ್ ಆಯ್ಕೆ ಫ್ರೀಮನ್‌ಗಳಿಗೆ ಬಂತು. ಜೊತೆಗೆ, ಸಾರ್ವಜನಿಕ ಹಣ ಎತ್ತುವ ಬಗ್ಗೆ ಸಭೆಯೊಂದಿಗೆ ಸಮಾಲೋಚಿಸಲು ಪ್ರತಿ ಊರಿಂದ ಇಬ್ಬರು ಬರಬೇಕೆಂದು ತೀರ್ಮಾನವಾಯಿತು. ಫೆಬ್ರವರಿಯಲ್ಲಿ ತಪ್ಪು ಎನಿಸಿದ್ದು ಮೇ ತಿಂಗಳಲ್ಲಿ ನಿಯಮವಾಯಿತು.

ಎರಡು ವರ್ಷ ಕಳೆದು, 1634ರ ಏಪ್ರಿಲ್‌ನಲ್ಲಿ, ಊರುಗಳ ಪ್ರತಿನಿಧಿಗಳು ವಿನ್‌ಥ್ರಾಪ್ ಮನೆಬಾಗಿಲಿಗೆ ಬಂದು ‘ಸನ್ನದು ತೋರಿಸಿ’ ಎಂದರು. ಈ ಇಡೀ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಗಳಿಗೆ ಇದು. ಓದಿದರು. ಕಾನೂನು ಮಾಡುವ ಹಕ್ಕು ತಮ್ಮದೇ ಎಂದು ಕಂಡುಕೊಂಡರು. ಜನ ಈಗ ಹೆಚ್ಚಾಗಿದ್ದಾರೆ, ಎಲ್ಲರೂ ಸೇರಿ ಕಾನೂನು ಮಾಡಲಾಗದು ಎಂದು ವಿನ್‌ಥ್ರಾಪ್ ಸಮಜಾಯಿಷಿ ಹೇಳಿದ. ಬೇಕಾದರೆ ಊರುಗಳ ಸಮಿತಿಯೊಂದು ಇರಲಿ, ಅದರ ಒಪ್ಪಿಗೆಯಿಲ್ಲದೆ ತೆರಿಗೆ ಬೇಡ ಎಂದು ಅರ್ಧ ದಾರಿ ಇಳಿದು ಬಂದ. ಅವರಿಗದು ಸಾಕಾಗಲಿಲ್ಲ. ಮೇ 14ರ ಮಹಾಸಭೆಯಲ್ಲಿ ಎಂಟು ಊರುಗಳಿಂದ ಮೂವರಂತೆ 24 ಪ್ರತಿನಿಧಿಗಳು ಕೂತರು. ತೆರಿಗೆ ಹಾಕುವ, ಕಾನೂನು ಮಾಡುವ, ಭೂಮಿ ಹಂಚುವ ಅಧಿಕಾರ ಮಹಾಸಭೆಗೆ ಮಾತ್ರ ಎಂದು ಗೊತ್ತುಪಡಿಸಿದರು. ಅದೇ ಸಭೆಯಲ್ಲಿ ವಿನ್‌ಥ್ರಾಪ್ ಗವರ್ನರ್ ಗಿರಿ ಕಳೆದುಕೊಂಡ. ಗೆದ್ದವನು ಡಡ್ಲಿ.

ಒಬ್ಬೊಬ್ಬರ ಪಾಲು ಹೇಗೆ ಗೊತ್ತುಮಾಡುತ್ತಿದ್ದರು?

ಮಹಾಸಭೆ ಊರಿಗಿಷ್ಟು ಎಂದು ಹೇಳುತ್ತಿತ್ತು, ಮನೆಮನೆಗೆ ಹಂಚುವುದು ಊರಿನ ತಲೆನೋವು. ತಲೆ ಎಣಿಸಿ ಹಾಕಬೇಕೋ ಆಸ್ತಿ ನೋಡಿ ಹಾಕಬೇಕೋ ಎಂಬ ಜಗಳಕ್ಕೆ 1634ರ ಮೇ ಸಭೆಯೇ ಉತ್ತರ ಕೊಟ್ಟಿತು: ಪ್ರತಿಯೊಬ್ಬನ ಆಸ್ತಿ ಮತ್ತು ಅವನ ಇತರ ಶಕ್ತಿಯನ್ನು ನೋಡಿ ಹಾಕಿ, ಮನೆಯಲ್ಲಿರುವ ಜನರ ಸಂಖ್ಯೆ ನೋಡಿ ಅಲ್ಲ. ಮಕ್ಕಳೊಂದಿಗರಿಗೆ ಇದು ದೊಡ್ಡ ಉಪಕಾರ. ‘ಇತರ ಶಕ್ತಿ’ ಎಂಬ ಮಾತಿಗೆ ಅಳತೆಗೋಲು ಎಲ್ಲಿದೆ? ನೆರೆಯವನ ಶಕ್ತಿ ನಮಗಿಂತ ಹೆಚ್ಚು ಎಂದು ಎಲ್ಲರಿಗೂ ಅನಿಸುವುದೇ.

1646ರಲ್ಲಿ ಎರಡೂ ಬೆರೆಸಿದ ಕಾನೂನು ಬಂತು. 16 ವರ್ಷ ದಾಟಿದ ಪ್ರತಿ ಗಂಡಸಿಗೆ 20 ಪೆನ್ಸ್ ತಲೆಗಂದಾಯ, ಆಸ್ತಿಯ ಪ್ರತಿ ಪೌಂಡ್ ಬೆಲೆಗೆ 1 ಪೆನ್ನಿ. ಒಂದು ಪೌಂಡಿಗೆ 240 ಪೆನ್ಸ್ ಇದ್ದ ಕಾಲ. ಹೊಲ ದನ ಇಲ್ಲದ ಕಸುಬುದಾರರಿಗೆ ಅವರ ಗಳಿಕೆ ನೋಡಿ ಹಾಕಿ ಎಂದೂ ಸೇರಿಸಿದರು.

ವಸೂಲಿ ಯಾರ ಕೆಲಸ?

ಊರ ಕಾನ್‌ಸ್ಟೆಬಲ್‌ನದು. ಕೊಡದವರ ಸಾಮಾನು ಜಪ್ತಿ ಮಾಡುವ ಅಧಿಕಾರ ಅವನಿಗಿತ್ತು. ಅವನು ವಸೂಲಿ ಮಾಡದಿದ್ದರೆ ಅವನ ಸಾಮಾನೇ ಜಪ್ತಿ. ಯಾರಿಗೆ ಬೇಕು ಈ ಕೆಲಸ?

ನಾಣ್ಯವೇ ಇಲ್ಲದ ಕಡೆ ಏನು ಕೊಡುತ್ತಿದ್ದರು?

ಧಾನ್ಯ ಕೊಡುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಬೆಳ್ಳಿ ನಾಣ್ಯ ಮೊಳೆ, ಬಟ್ಟೆ, ಪಾತ್ರೆ ತರಿಸಿಕೊಳ್ಳಲು ಅದೇ ಹಡಗಿನಲ್ಲಿ ವಾಪಸ್ಸು ಹೋಗುತ್ತಿತ್ತು. 1635ರ ಮಾರ್ಚ್‌ನಲ್ಲಿ ಬಂದೂಕಿನ ಸೀಸದ ಗುಂಡೇ ಚಿಲ್ಲರೆಯಾಯಿತು: ಒಂದು ಗುಂಡಿಗೆ ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ಕಾಲುಭಾಗ, ಒಂದು ಸಲಕ್ಕೆ 12 ಪೆನ್ಸ್‌ಗಿಂತ ಹೆಚ್ಚು ಕೊಡುವ ಹಾಗಿಲ್ಲ. ಜೇಬಿನ ಭಾರ ಯೋಚಿಸಿ.

ನಿಜವಾದ ಬಿಕ್ಕಟ್ಟು ಬಂದದ್ದು 1640ರಲ್ಲಿ. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ತಿಕ್ಕಾಟ ಬಿಗಿದು, ವಲಸೆ ನಿಂತುಹೋಯಿತು. ಹೊಸಬರಿಗೆ ದನ, ಧಾನ್ಯ ಮಾರಿಯೇ ಇಲ್ಲಿಯ ಊರುಗಳು ಬದುಕಿದ್ದವು. 20 ಪೌಂಡಿನ ಹಸು ಒಂದೇ ವರ್ಷದಲ್ಲಿ 4-5 ಪೌಂಡಿಗೆ ಇಳಿಯಿತು. ಸಾಲಕ್ಕೆ ಬದಲು ಧಾನ್ಯ ಕೊಟ್ಟರೂ ತೆಗೆದುಕೊಳ್ಳಬೇಕು ಎಂದು ಸಭೆ ಬೆಲೆ ನಿಗದಿ ಮಾಡಿತು: ಒಂದು ಬುಶೆಲ್ (ಧಾನ್ಯದ ಒಂದು ಅಳತೆ) ಮೆಕ್ಕೆಜೋಳಕ್ಕೆ 4 ಶಿಲಿಂಗ್ (ಶಿಲಿಂಗಿಗೆ 12 ಪೆನ್ಸ್), ರೈ ಧಾನ್ಯಕ್ಕೆ 5, ಗೋಧಿಗೆ 6. ಆಸ್ತಿಯ ಬೆಲೆ ಕಟ್ಟಿ ತೆರಿಗೆ ಹಾಕುವ ಕಡೆ ಆಸ್ತಿಯ ಬೆಲೆಯೇ ನೆಲಕಚ್ಚಿದರೆ ಲೆಕ್ಕಪತ್ರವೆಲ್ಲ ಅಡಿಮೇಲು.

ಕಡಲ ಚಿಪ್ಪಿನ ಮಣಿ ‘ವಾಂಪಮ್’ ಕೂಡ ಓಡುತ್ತಿತ್ತು, ಬಿಳಿಯದು ಪೆನ್ನಿಗೆ ನಾಲ್ಕು, ನೀಲಿ ಪೆನ್ನಿಗೆ ಎರಡು. ಜನ ಒಳ್ಳೆಯದನ್ನು ಇಟ್ಟುಕೊಂಡು ಕಳಪೆಯದನ್ನು ತೆರಿಗೆಗೆ ಸುರಿದರೆ ಖಜಾನೆ ಏನು ಮಾಡೀತು? 1649ರಲ್ಲಿ ತೆರಿಗೆಗೆ ಮಣಿ ತೆಗೆದುಕೊಳ್ಳುವುದು ನಿಂತಿತು. 1652ರಲ್ಲಿ ಬಾಸ್ಟನ್‌ನಲ್ಲಿ ಟಂಕಸಾಲೆಯೇ ಶುರುವಾಯಿತು.

ಪಾದ್ರಿಗಳ ಸಂಬಳಕ್ಕೂ ತೆರಿಗೆ ಇತ್ತೇ? ಅದನ್ನು ಎಲ್ಲರೂ ಒಪ್ಪಿದ್ದರೇ?

ಇತ್ತು. ಒಪ್ಪಿರಲಿಲ್ಲ. 1638ರ ಸೆಪ್ಟೆಂಬರ್‌ನ ಕಾನೂನು ಹೇಳಿದ್ದು: ಊರಿನ ಸಾಮಾನ್ಯ ಖರ್ಚಿಗಾಗಲಿ ಚರ್ಚಿನ ಖರ್ಚಿಗಾಗಲಿ ತನ್ನ ಶಕ್ತ್ಯಾನುಸಾರ ಮನಸಾರೆ ಕೊಡದವನಿಂದ ತೆರಿಗೆ ಹಾಕಿ, ಜಪ್ತಿ ಮಾಡಿ ವಸೂಲು ಮಾಡತಕ್ಕದ್ದು. ಮನಸಾರೆ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇವೆ!

ಬಾಸ್ಟನ್‌ನ ಹೆಸರಾಂತ ಪಾದ್ರಿ ಜಾನ್ ಕಾಟನ್‌ಗೇ ಇದು ಸರಿಬರಲಿಲ್ಲ. ಪಾದ್ರಿಯ ಜೀವನ ಜನರ ಕಾಣಿಕೆಯಿಂದಲೇ ನಡೆಯಬೇಕು, ಅಧಿಕಾರಿಗಳು ಕಾನೂನು ಮಾಡಿ ಕೊಡಿಸುವ ಹಾಗಾದರೆ ಚರ್ಚುಗಳು ಇಳಿಮುಖವಾಗಿವೆ ಎಂದೇ ಅರ್ಥ ಎಂದು 1639ರಲ್ಲಿ ಉಪದೇಶ ಮಾಡಿದ.

1643ರಲ್ಲಿ ಇದೇ ವಿಷಯಕ್ಕೆ ಮತ್ತೆ ವಾಟರ್‌ಟೌನಿನಲ್ಲೇ ಕಿಡಿ ಹೊತ್ತಿತು. ಚರ್ಚಿನ ಸದಸ್ಯರಲ್ಲದವರಿಗೂ ಪಾದ್ರಿಯ ತೆರಿಗೆ ಹಾಕಿದ್ದಕ್ಕೆ ನೊಂದ ಬ್ರಿಸ್ಕೊ ಎಂಬಾತ ಅದರ ವಿರುದ್ಧ ಒಂದು ಹೊತ್ತಗೆಯನ್ನೇ ಬರೆದು ಹಂಚಿದ. 10 ಪೌಂಡ್ ದಂಡ ಬಿತ್ತು. ಅದನ್ನು ಹರಡಿದವರಲ್ಲಿ ಒಬ್ಬನಿಗೆ 40 ಶಿಲಿಂಗ್. ಅವನ ವಾದಕ್ಕೆ ಉತ್ತರ ಕೊಡುವ ಅಗತ್ಯವೂ ಇಲ್ಲ, ಇಂಥವನಿಗೆ ಬುದ್ಧಿ ಕಲಿಸಬೇಕಾದದ್ದು ಮಾತಿನಿಂದಲ್ಲ, ದೊಣ್ಣೆಯಿಂದ ಎಂದು ವಿನ್‌ಥ್ರಾಪ್ ಲ್ಯಾಟಿನ್‌ನಲ್ಲಿ ಬರೆದಿಟ್ಟ. ಆಗಲೂ ವಾಟರ್‌ಟೌನಿನ ಪಾದ್ರಿ ಜಾರ್ಜ್ ಫಿಲಿಪ್ಸೇ. ಹನ್ನೊಂದು ವರ್ಷದ ಕೆಳಗೆ ಒಪ್ಪಿಗೆಯಿಲ್ಲದ ತೆರಿಗೆ ದಾಸ್ಯ ಎಂದವನ ಸಂಬಳಕ್ಕೇ ಈಗ ಒಪ್ಪಿಗೆಯಿಲ್ಲದ ತೆರಿಗೆ.

ಹಾಗಾದರೆ ಓಟಿಲ್ಲದವರೂ ತೆರಿಗೆ ಕಟ್ಟುತ್ತಿದ್ದರೇ?

ಕಟ್ಟುತ್ತಿದ್ದರು. 1634ರ ಗೆಲುವು ಫ್ರೀಮನ್‌ಗಳದ್ದು, ಎಂದರೆ ಚರ್ಚಿನ ಸದಸ್ಯರಾದ ಗಂಡಸರದ್ದು ಮಾತ್ರ. ಹೆಂಗಸರು, ಆಳುಗಳು, ಚರ್ಚಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಯಾರಿಗೂ ಮಹಾಸಭೆಯ ಮತವಿಲ್ಲ. ಹೊಲವಿದ್ದರೆ ತೆರಿಗೆ ಮಾತ್ರ ಬಿಟ್ಟಿದ್ದಲ್ಲ.

1646ರಲ್ಲಿ ವೈದ್ಯ ರಾಬರ್ಟ್ ಚೈಲ್ಡ್ ಮತ್ತು ಇನ್ನೂ ಆರು ಜನ ಮಹಾಸಭೆಗೆ ಮನವಿ ಕೊಟ್ಟರು. ಸಾವಿರಾರು ಜನರಿಗೆ ಇಲ್ಲಿ ಅಧಿಕಾರವೂ ಇಲ್ಲ ಮತವೂ ಇಲ್ಲ, ತೆರಿಗೆ ಮತ್ತು ಯುದ್ಧದ ಸೇವೆ ಮಾತ್ರ ಇದೆ ಎಂಬುದು ಅದರ ಒಂದು ಮುಖ್ಯ ದೂರು. ಸಭೆ ಉತ್ತರವಾಗಿ ಕೊಟ್ಟದ್ದು ದಂಡ: ಚೈಲ್ಡ್‌ಗೆ 50 ಪೌಂಡ್, ಉಳಿದವರಿಗೆ 10ರಿಂದ 40ರವರೆಗೆ. ಆ ಮನವಿದಾರರು ಹೂವಿನಂಥ ಮನಸ್ಸಿನವರೇನಲ್ಲ, ಇಂಗ್ಲೆಂಡಿನ ಪಾರ್ಲಿಮೆಂಟಿಗೆ ದೂರು ಒಯ್ದು ಕಾಲನಿಯ ಆಡಳಿತವನ್ನೇ ಮುರಿಯುವ ಆಸೆ ಅವರಿಗಿತ್ತು. ಆದರೂ ಅವರ ತೆರಿಗೆಯ ವಾಕ್ಯವನ್ನು 1632ರ ವಾಟರ್‌ಟೌನಿನ ಮಾತಿನ ಪಕ್ಕ ಇಟ್ಟು ನೋಡಿ. ಎರಡೂ ಒಂದೇ. ಕೇಳುವ ಜಾಗದಲ್ಲಿ ಮಾತ್ರ ಈಗ ಬೇರೆಯವರು ಕೂತಿದ್ದರು.

ಆ ನೆಲದ ಮೂಲನಿವಾಸಿಗಳಿಗೂ ತೆರಿಗೆ ಇತ್ತೇ?

ಪೀಕಾಟ್ ಎಂಬ ಮೂಲನಿವಾಸಿ ಪಂಗಡದೊಂದಿಗೆ ಇಂಗ್ಲಿಷರು ನಡೆಸಿದ ಯುದ್ಧ ಮುಗಿದ ಮೇಲೆ 1638ರ ಹಾರ್ಟ್‌ಫರ್ಡ್ ಒಪ್ಪಂದದಲ್ಲಿ ಬದುಕುಳಿದ ಪೀಕಾಟರನ್ನು ಮೊಹೀಗನ್, ನ್ಯಾರಗ್ಯಾನ್ಸೆಟ್ ಮುಂತಾದ ಪಂಗಡಗಳಿಗೆ ಹಂಚಿಕೊಟ್ಟರು. ಅವರ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಇಂಗ್ಲಿಷರಿಗೆ ಕಪ್ಪ ಸಲ್ಲಬೇಕು: ಗಂಡಸಿಗೆ ಒಂದು ಮಾರು ವಾಂಪಮ್ ಸರ, ಹುಡುಗನಿಗೆ ಅದರರ್ಧ, ಮಗುವಿಗೆ ಒಂದು ಗೇಣು. ಪೀಕಾಟ್ ಎಂಬ ಹೆಸರನ್ನೂ ಇಟ್ಟುಕೊಳ್ಳಬಾರದು. ದಾಸ್ಯದ ಭಯವಿದ್ದ ಜನ ಬೇರೆಯವರ ಮೇಲೆ ಅದನ್ನು ಅಳತೆಗೋಲು ಹಿಡಿದು ಹೇರಿದರು.

ಊರು ಊರುಗಳ ನಡುವೆ ಸುಂಕದ ಜಗಳ ನಡೆದದ್ದುಂಟೇ?

ನಡೆಯಿತು, ಅದೂ ಕಾಲನಿ ಕಾಲನಿಗಳ ನಡುವೆ. ಕನೆಕ್ಟಿಕಟ್ ನದಿಯ ಬಾಯಲ್ಲಿ ಸೇಬ್ರೂಕ್ ಎಂಬ ಕೋಟೆಯಿತ್ತು. ಕನೆಕ್ಟಿಕಟ್ ಕಾಲನಿ ಆ ಕೋಟೆಯನ್ನು ಕೊಂಡುಕೊಂಡು, ಅದರ ಸಾಲ ತೀರಿಸಲು ನದಿಯಿಂದ ಇಳಿದು ಹೋಗುವ ಸರಕಿಗೆ ಸುಂಕ ಹಾಕಿತು, ಧಾನ್ಯಕ್ಕೆ ಬುಶೆಲ್‌ಗೆ 2 ಪೆನ್ಸ್. ಅದೇ ನದಿಯ ಮೇಲ್ದಿಕ್ಕಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಇದೆ, ಅದು ಮ್ಯಾಸಚೂಸೆಟ್ಸ್‌ಗೆ ಸೇರಿದ್ದು. ಅಲ್ಲಿನ ಮುಖಂಡ ವಿಲಿಯಂ ಪಿಂಚನ್, ನಮ್ಮದಲ್ಲದ ಕೋಟೆಗೆ, ನಮ್ಮನ್ನು ಕೇಳದೆ ಹಾಕಿದ ಸುಂಕ ಕಟ್ಟುವುದಿಲ್ಲ ಎಂದ. ಕಾಲನಿಗಳ ಜಂಟಿ ಆಯುಕ್ತರು 1647ರಲ್ಲಿ ಕನೆಕ್ಟಿಕಟ್ ಪರ ತೀರ್ಪು ಕೊಟ್ಟರು. ಮ್ಯಾಸಚೂಸೆಟ್ಸ್ 1649ರಲ್ಲಿ ಬಾಸ್ಟನ್ ಬಂದರಿಗೆ ಬರುವ ಇತರ ಕಾಲನಿಗಳ ಸರಕಿನ ಮೇಲೆ ಸುಂಕ ಹಾಕಿ ಸೇಡು ತೀರಿಸಿಕೊಂಡಿತು. ಏನೂ ತಪ್ಪು ಮಾಡದ ಪ್ಲಿಮತ್ ಕಾಲನಿ ಕೂಡ ಅದರಲ್ಲಿ ಸಿಕ್ಕಿಬಿತ್ತು. ಮರುವರ್ಷ ಅದನ್ನು ಹಿಂತೆಗೆದುಕೊಂಡರು.

ಶಾಲೆಗೂ ತೆರಿಗೆಯೇ?

1647ರ ಕಾನೂನಿನಂತೆ 50 ಮನೆಗಳ ಊರಿಗೆ ಒಬ್ಬ ಮೇಷ್ಟ್ರು, 100 ಮನೆಗಳಿದ್ದರೆ ಲ್ಯಾಟಿನ್ ಶಾಲೆ. ಮೇಷ್ಟ್ರ ಸಂಬಳ ತಂದೆತಾಯಿಯರೇ ಕೊಡಲಿ, ಇಲ್ಲ ಊರೇ ಕೊಡಲಿ ಎಂದು ಬಿಟ್ಟರು, ಹಾಗಾಗಿ ಮಕ್ಕಳಿಲ್ಲದವರು ಯಾಕೆ ಕೊಡಬೇಕು ಎಂಬ ವಾದ ಊರೂರಿಗೂ ಹೋಯಿತು. ಹಾರ್ವರ್ಡ್ ಕಾಲೇಜಿಗೆ 1644ರಿಂದ ಮನೆಗೆ ಕಾಲು ಬುಶೆಲ್ ಧಾನ್ಯ ಅಥವಾ 1 ಶಿಲಿಂಗ್ ಕೇಳುತ್ತಿದ್ದರು. ಅದು ಮಾತ್ರ ಐಚ್ಛಿಕ.

1632ಕ್ಕೂ 1773ರ ಚಹಾ ಗಲಾಟೆಗೂ ನೇರ ಸಂಬಂಧ ಇದೆಯೇ?

ನೇರ ದಾರ ಎಳೆಯುವುದು ಉತ್ಸಾಹಿಗಳ ಕೆಲಸ. ನಡುವೆ ಒಂದು ಗಟ್ಟಿ ಗಂಟಂತೂ ಇದೆ. 1680ರ ದಶಕದಲ್ಲಿ ಹಳೆಯ ಸನ್ನದು ರದ್ದಾಯಿತು, ಇಂಗ್ಲೆಂಡಿನ ರಾಜ ಎಡ್ಮಂಡ್ ಆಂಡ್ರೋಸ್‌ನನ್ನು ಗವರ್ನರ್ ಮಾಡಿ ಕಳಿಸಿದ. ಪ್ರತಿನಿಧಿ ಸಭೆ ಇಲ್ಲದೆ ತೆರಿಗೆ. 1687ರ ಆಗಸ್ಟ್‌ನಲ್ಲಿ ಇಪ್ಸ್‌ವಿಚ್ ಊರಿನ ಸಭೆ ಕೊಡಲೊಲ್ಲೆ ಎಂದಿತು. ಮುಂದೆ ನಿಂತವನು ಇಲ್ಲೂ ಒಬ್ಬ ಪಾದ್ರಿ, ಜಾನ್ ವೈಸ್. ಅವನಿಗೆ 50 ಪೌಂಡ್ ದಂಡ, ಪಾದ್ರಿಗಿರಿಯಿಂದ ಅಮಾನತು. ಎರಡೇ ವರ್ಷದಲ್ಲಿ ಬಾಸ್ಟನ್‌ನ ಜನ ದಂಗೆಯೆದ್ದು ಆಂಡ್ರೋಸ್‌ನನ್ನೇ ಸೆರೆಗೆ ಹಾಕಿದರು.

ಬಾಸ್ಟನ್ ಕಡೆ ಹೋದರೆ ನೋಡಲು ಏನಾದರೂ ಉಳಿದಿದೆಯೇ?

ವಾಟರ್‌ಟೌನಿನಲ್ಲಿ ಚಾರ್ಲ್ಸ್ ನದಿಯ ದಂಡೆಯ ಮೇಲೆ ಊರಿನ ಸ್ಥಾಪಕರ ಸ್ಮಾರಕವಿದೆ, 1931ರದ್ದು. ಶಿಲ್ಪಿ ಹೆನ್ರಿ ಹಡ್ಸನ್ ಕಿಟ್ಸನ್. ಲೆಕ್ಸಿಂಗ್ಟನ್‌ನ ಪ್ರಸಿದ್ಧ ಮಿನಿಟ್‌ಮ್ಯಾನ್ (ಕರೆದ ಗಳಿಗೆಯಲ್ಲೇ ಸಿದ್ಧನಾಗುವ ನಾಡಸೈನಿಕ) ಪ್ರತಿಮೆಯೂ ಇವರದೇ. ಮಕ್ಕಳ ಮನೆಗೆಂದು ಬಾಸ್ಟನ್‌ಗೆ ಹೋಗುವ ನಮ್ಮವರಲ್ಲಿ ಹಾರ್ವರ್ಡ್ ನೋಡಿ ಅಷ್ಟಕ್ಕೇ ವಾಪಸ್ಸಾಗುವವರೇ ಹೆಚ್ಚು. ಅಲ್ಲಿಂದ ನದಿಯ ಮೇಲ್ದಿಕ್ಕಿಗೆ ಸ್ವಲ್ಪ ದೂರ ಹೋದರೆ ಇದು ಸಿಗುತ್ತದೆ. ಎತ್ತರದಲ್ಲಿ ನಿಂತಿರುವುದು ಸರ್ ರಿಚರ್ಡ್ ಸಾಲ್ಟನ್‌ಸ್ಟಾಲ್, ಊರು ಕಟ್ಟಿದವರ ಮುಖಂಡ. ತೆರಿಗೆ ಜಗಳದ ಹೊತ್ತಿಗೆ ಅವನು ಇಂಗ್ಲೆಂಡಿಗೆ ಮರಳಿಯಾಗಿತ್ತು. ಅವನನ್ನು ದಾಟಿ ಬದಿಯ ಉಬ್ಬುಶಿಲ್ಪಗಳ ಕಡೆ ನೋಡಿ. ಒಂದರಲ್ಲಿ 1632ರ ಆ ಪ್ರತಿಭಟನೆ ಇದೆ.